ಪರದೆಯ ಮೂಲೆಯ ಹಳದಿ ಚೀಟಿ

ಎರಡು ಸಾವಿರದ ಇನ್ನೂರು ಹೇಳಿದ್ದನ್ನು ಸಾವಿರದ ಏಳುನೂರಕ್ಕೆ ಇಳಿಸಿ, ಮೇಲೊಂದು ಮೌಸ್ ಪ್ಯಾಡನ್ನೂ ಇಸಿದುಕೊಂಡು, ಹಾವೇರಿಯಿಂದ ವೈರಿಲ್ಲದ ಕೀಬೋರ್ಡು-ಮೌಸಿನ ಜೋಡಿ ತಂದಿದ್ದೆ. ಶೋಕಿಗಲ್ಲ. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದೆ ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆಗೆ ಬರುವವರು ಮಾವ, ಕಾಕಾ, ಭಾವ ಅಂತ ಗುಂಪಾಗಿಯೇ ಬರುತ್ತಾರೆ. ಅವರಿಗೆ ಕಾಣಲೆಂದು ಮಾನಿಟರನ್ನು ಆ ಕಡೆ ತಿರುಗಿಸಿ, ನಾನು ಓರೆಯಾಗಿ ಕೂತು ಟೈಪ್ ಮಾಡಬೇಕು. ಯಾರದೋ ಮೊಣಕೈಗೆ ವೈರು ಸಿಕ್ಕಿ ಚಹಾದ ಕಪ್ಪು ಉರುಳುವುದು ಮಾಮೂಲಾಗಿತ್ತು. ಹಾಗಾಗಿ ಆ ಖರ್ಚು.

ಅಲ್ಲಿ ಉಳಿಸಿದ ಹುರುಪಿನಲ್ಲಿ ಶೆಲ್ಲಿನಲ್ಲೂ ಉಳಿಸೋಣವೆಂದು ಅವಕ್ಕೆ ಮತ್ತೆ ಮತ್ತೆ ಚಾರ್ಜ್ ಮಾಡುವ ಶೆಲ್ಲು ಹಾಕಿದೆ. ಮಾರನೆಯ ದಿನದಿಂದಲೇ ಕಾಟ ಶುರು. ಪರದೆಯ ಕೆಳಗಿನ ಮೂಲೆಯಲ್ಲಿ, ಗಡಿಯಾರದ ಪಕ್ಕ, ‘ಟಣ್’ ಎಂದು ಒಂದು ಹಳದಿ ಚೀಟಿ ಮೇಲೇಳುತ್ತಿತ್ತು: ಮೌಸಿನ ಬ್ಯಾಟರಿ ಕಡಿಮೆಯಾಗಿದೆ. ರಾತ್ರಿಯಿಡೀ ಚಾರ್ಜ್ ಮಾಡಿದರೂ ಅದೇ ಮಾತು. ಆ ಜಾತಿಯ ಶೆಲ್ಲಿನ ವೋಲ್ಟೇಜು ಮೊದಲಿನಿಂದಲೇ ಸಾದಾ ಶೆಲ್ಲಿಗಿಂತ ತುಸು ಕಡಿಮೆ. ಹೊಟ್ಟೆ ತುಂಬಿದ್ದರೂ ಪ್ರೋಗ್ರಾಮಿಗೆ ಅದು ಹಸಿದಂತೆ ಕಾಣುತ್ತದೆ. ಇದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಅದಕ್ಕೂ ಮೊದಲು ಆ ಮೂಲೆಗೆ ಹಳೆಯ ಪತ್ರಿಕೆಯ ತುಂಡೊಂದನ್ನು ಅಂಟಿಸಿದ್ದೆ. “ಅದರ ಕೆಳಗ ಏನ್ ಮುಚ್ಚಿಟ್ಟೀರಿ?” ಎಂದು ಗಿರಾಕಿಗಳು ಸಂಶಯಪಟ್ಟರು. ಕಿತ್ತು ಹಾಕಿದೆ.

ನನಗದು ಬರೀ ಕಿರಿಕಿರಿ ಅಷ್ಟೇ ಅಂದುಕೊಂಡಿದ್ದೆ. ಹಾಗಲ್ಲ ಎಂದು ತೋರಿಸಿದವರು ಬ್ಯಾಡಗಿ ಕಡೆಯ ಒಬ್ಬ ಮೆಣಸಿನಕಾಯಿ ಬೆಳೆಗಾರರು.

ಅವರ ಮಗಳ ಲಗ್ನ. ಪತ್ರಿಕೆಯ ವಿಷಯವನ್ನು ಅವರ ತಮ್ಮ ಮೊದಲೇ ಬಂದು ಬರೆದುಕೊಟ್ಟು ಹೋಗಿದ್ದ. ಪ್ರೆಸ್ಸಿಗೆ ಕಳಿಸುವ ದಿನ ಇವರೊಬ್ಬರೇ ಬಂದರು.

“ನಮ್ಮ ಮನ್ಯಾಗ ಇದು ಪಯ್ಲಾ ಲಗ್ನರಿ. ಒಬ್ಬರ ಹೆಸರೂ ಬಿಟ್ಟಿರಬಾರ್ದು. ನಾನ ಓದಿ ನೋಡತೇನಿ.”

“ಸಾವಕಾಶ ನೋಡ್ರಿ,” ಎಂದೆ.

ಅವರ ಓದು ನಿಧಾನ. ಪರದೆಗೆ ಬೆರಳು ತಾಗಿಸಿ, ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ ಕೂಡಿಸುತ್ತಿದ್ದರು. ಹಿಂದಿನ ಕುರ್ಚಿಯಲ್ಲಿ ಬೀಜದ ಕಂಪನಿಯ ಏಜೆಂಟನೊಬ್ಬ ತನ್ನ ಕರಪತ್ರಕ್ಕಾಗಿ ಕಾಯುತ್ತಿದ್ದ. ಅಷ್ಟರಲ್ಲಿ ‘ಟಣ್’.

“ಕಾಕಾ, ಬ್ಯಾಟರಿ ಮುಗ್ಯಾಕ ಬಂತು ನೋಡ್ರಿ! ಲಗೂ ಲಗೂ ಓದ್ರಿ, ಇಲ್ಲಾಂದ್ರ ಲಗ್ನಾನ ಅಳಿಸಿ ಹೋಗತೈತಿ,” ಎಂದು ಏಜೆಂಟ ನಕ್ಕ.

ನಮ್ಮೂರಲ್ಲಿ ಬ್ಯಾಟರಿ ಎಂದರೆ ಮೇಜಿನ ಕೆಳಗಿನ ಯುಪಿಎಸ್. ಕರೆಂಟು ಹೋಗಿ ಅದು ಕುಂಯ್ ಕುಂಯ್ ಅನ್ನತೊಡಗಿದರೆ ಎಲ್ಲ ಕೆಲಸವನ್ನೂ ಲಗುಬಗೆಯಿಂದ ಮುಗಿಸಬೇಕು. ಇದು ಎಲ್ಲರಿಗೂ ಗೊತ್ತು. ಆ ಹಿರಿಯರು ಬೆರಳು ಹಿಂದಕ್ಕೆಳೆದುಕೊಂಡರು.

“ಆತ್ ಬಿಡ್ರಿ, ಎಲ್ಲಾ ಬರೋಬ್ಬರಿ ಐತಿ. ಕಳಿಸಿಬಿಡ್ರಿ.”

ಗಿರಾಕಿ ‘ಆತು’ ಅಂದಮೇಲೆ ತಪ್ಪಿದ್ದರೆ ಅದು ಗಿರಾಕಿಯದೇ. ಅದು ನನ್ನ ಅಂಗಡಿಯ ಕರಾರು. ಆದರೆ ಅವರ ಬೆರಳು ಇನ್ನೂ ವರನ ತಂದೆಯ ಹೆಸರನ್ನೂ ದಾಟಿರಲಿಲ್ಲ. ಹಿಂದೆ ಎಷ್ಟು ಜನ ಹೀಗೆ ಅರ್ಧಕ್ಕೇ ‘ಆತು’ ಅಂದು ಎದ್ದು ಹೋಗಿದ್ದಾರೋ ಎಂಬ ಯೋಚನೆ ಬಂತು. ಮೌಸನ್ನು ಬೋರಲು ಹಾಕಿ ಎರಡೂ ಶೆಲ್ಲು ಕಳಚಿ ಅವರ ಅಂಗೈಗಿಟ್ಟೆ.

“ಬ್ಯಾಟರಿ ಅಂದದ್ದು ಇದಕ್ಕರಿ. ಈಗ ಇದು ನಿಮ್ಮ ಕೈಯಾಗ ಐತಿ. ಪರದಿ ಆರೇತೇನು?”

ಅವರು ಪರದೆಯನ್ನೂ ಅಂಗೈಯನ್ನೂ ನೋಡಿದರು. “ಇಲ್ಲಲಾ!”

“ಹಂಗಾರ ಓದ್ರಿ. ಇವರ ಕರಪತ್ರ ಎಲ್ಲಿಗೂ ಓಡಿ ಹೋಗಂಗಿಲ್ಲ.”

ಶೆಲ್ಲುಗಳನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಮತ್ತೆ ಮೊದಲಿನಿಂದ ಓದಿದರು. ‘ಸುಖಾಗಮನ ಬಯಸುವವರು’ ಎಂಬಲ್ಲಿಗೆ ಬಂದಾಗ ಬೆರಳು ಕೆಳಗಿಳಿಯಿತು, ಮೇಲೇರಿತು, ಮತ್ತೆ ಇಳಿಯಿತು.

“ನಮ್ಮಕ್ಕ ಎಲ್ಲಿ?”

“ಬರಕೊಟ್ಟದ್ರಾಗ ಇಲ್ಲರಿ.”

ಅವರು ಪರದೆಯಿಂದ ನನ್ನ ಕಡೆ ತಿರುಗಿದರು. “ಗಂಡ ಇಲ್ಲದಾಕಿ, ಶುಭಪತ್ರಿಕ್ಯಾಗ ಬ್ಯಾಡ ಅಂತ ನಮ್ಮ ತಮ್ಮ ಬಿಟ್ಟಾನ. ನನ್ನ ಹೇಣ್ತಿ ತೀರಿಹೋದಾಗ ಕೂಸಿಗೆ ಇನ್ನೂ ಹಲ್ಲು ಬಂದಿರಲಿಲ್ಲರಿ. ಬೆಳೆಸಿದಾಕಿ ಆಕಿ.” ಆಮೇಲೆ ದನಿ ಏರಿಸಿ, “ಹಾಕ್ರಿ. ಎಲ್ಲಾರಿಗಿಂತ ಮ್ಯಾಲ ಹಾಕ್ರಿ. ತಮ್ಮಗ ನಾ ಹೇಳತೇನಿ,” ಎಂದರು.

ಏಜೆಂಟ ತಾನಾಗಿ ಎದ್ದು ತನ್ನ ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡು, “ಕಾಕಾ, ಇನ್ನೊಮ್ಮೆ ಇಬ್ಬರೂ ಕೂಡಿ ನೋಡೂಣು,” ಎಂದ. ನೋಡಿದರು. ಪತ್ರಿಕೆ ಆ ಅಕ್ಕನ ಹೆಸರಿನೊಂದಿಗೇ ಪ್ರೆಸ್ಸಿಗೆ ಹೋಯಿತು.

ಅಂದೇ ಸಂಜೆ ಆ ಚೀಟಿಯ ಮೂಲ ಹುಡುಕಿ ಬಂದ್ ಮಾಡಿದೆ. ನೀವೂ ಮಾಡಬಹುದು, ಕಷ್ಟವೇನಿಲ್ಲ. ಮೊದಲು ಚೀಟಿ ಹೇಳುತ್ತಿರುವುದು ಮೌಸಿನ ಬಗ್ಗೆಯೋ ಕೀಬೋರ್ಡಿನ ಬಗ್ಗೆಯೋ ನೋಡಿಕೊಳ್ಳಿ. ಒಮ್ಮೆ ಸಾದಾ ಶೆಲ್ಲು ಹಾಕಿ ನೋಡಿ. ಚೀಟಿ ನಿಂತರೆ ದೋಷ ಮೌಸಿನದಲ್ಲ, ಶೆಲ್ಲಿನ ಜಾತಿಯದು. ನಿಲ್ಲದಿದ್ದರೂ, ಇಲ್ಲವೇ ಚಾರ್ಜಿನ ಶೆಲ್ಲನ್ನೇ ಬಳಸುವುದಾದರೂ, ಜೋಡಿಯ ಸಂಗಡ ಬಂದ ಸಿಡಿಯ ಪ್ರೋಗ್ರಾಮು ತೆರೆದು, ಬ್ಯಾಟರಿ ಸೂಚನೆಯ ಮುಂದಿನ ಟಿಕ್ ತೆಗೆಯಿರಿ. ಆ ಸೌಲಭ್ಯವೇ ಇಲ್ಲದಿದ್ದರೆ, ಕಂಪ್ಯೂಟರು ಶುರುವಾದಾಗ ತಾನಾಗಿ ಏಳುವ ಪ್ರೋಗ್ರಾಮುಗಳ ಪಟ್ಟಿಯಿಂದ ಅದನ್ನು ತೆಗೆಯಿರಿ. ಬಹಳಷ್ಟು ಮೌಸುಗಳು ಅದಿಲ್ಲದೆಯೂ ಓಡುತ್ತವೆ. ಸೂಚನೆ ನಿಲ್ಲಿಸಿದ ಮೇಲೆ ಶೆಲ್ಲಿನ ಕಾಳಜಿ ನಿಮ್ಮದೇ: ವಾರದ ರಜೆಯ ದಿನ ಚಾರ್ಜಿಗೆ ಹಾಕಿ, ಮೇಜಿನ ಡ್ರಾದಲ್ಲಿ ವೈರಿನ ಮೌಸೊಂದನ್ನು ಇಟ್ಟುಕೊಳ್ಳಿ. ಹಳೆಯದು ಸಾಕು, ಚೌಕಾಶಿ ಮಾಡಿದರೆ ಅಗ್ಗಕ್ಕೆ ಸಿಗುತ್ತದೆ. ಇಷ್ಟನ್ನೂ ಗಿರಾಕಿ ಬರುವ ಮೊದಲೇ ಮುಗಿಸಿ. ನಿಮ್ಮ ಪರದೆಯ ಮುಂದೆ ಒಬ್ಬರು ಓದಲು ಕೂತ ಮೇಲೆ ಅಲ್ಲ.