ಹೆಸರಿಲ್ಲದ ಪ್ರಚಾರದಲ್ಲಿ ಇವರ ದನಿ

ಬೆಳಿಗ್ಗೆ ತಿಂಡಿ ಮುಗಿಸಿ ಸಿದ್ದಾಪುರ ಬಿಟ್ಟೆ. ಶಿರಸಿ ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಸೊನ್ನೆ ದರದ ಟಿಕೆಟ್ ಕೊಟ್ಟ. ಇವರು ತೀರಿಕೊಂಡ ಮೇಲೆ ನಾನೊಬ್ಬಳೇ ಹೊರಟ ಮೊದಲ ಪ್ರಯಾಣ. ಹಿಂದಿನ ದಿನ ಯಲ್ಲಾಪುರದಿಂದ ನಾದಿನಿ ಫೋನ್ ಮಾಡಿದ್ದಳು.

“ಅತ್ತಿಗೇ, ಅಣ್ಣನ ದನಿ ಪೇಟೇಲಿ ಕೇಳ್ತಾ ಇದ್ದು. ಆಟೋದಲ್ಲಿ ಚುನಾವಣೆ ಪ್ರಚಾರ.”

ನನ್ನ ಗಂಡ ಮೈಕಿನಲ್ಲಿ ಊರೂರಿಗೆ ಸುದ್ದಿ ಹೇಳುತ್ತಿದ್ದವರು. ಯಕ್ಷಗಾನವಿರಲಿ, ಸೀರೆ ಮಾರಾಟವಿರಲಿ, ಯಾವ ಪಕ್ಷದ ಪ್ರಚಾರವೇ ಇರಲಿ, ಹೇಳಿಸಿದವರು ಯಾರೆಂದು ಕೊನೆಗೆ ಹೆಸರು ಹೇಳಿಯೇ ಮೈಕ್ ಇಡುತ್ತಿದ್ದರು. ನಾದಿನಿ ಕೇಳಿದ್ದರಲ್ಲಿ ಹೆಸರೇ ಇರಲಿಲ್ಲ. ಒಬ್ಬ ಅಭ್ಯರ್ಥಿ ಕಾಡು ಮಾರಿಕೊಂಡನೆಂಬ ದೂರು ಮಾತ್ರ. ಇವರು ಹೆಸರಿಲ್ಲದವರಿಗೆ ದನಿ ಕೊಟ್ಟರೇ? ಅದು ನನಗೆ ತಿಳಿಯಬೇಕಿತ್ತು. ಆ ಪ್ರಚಾರ ನಿಲ್ಲಬೇಕಿತ್ತು.

ಶಿರಸಿಯಲ್ಲಿ ಇಳಿದು ರಫೀಕನ ರೆಕಾರ್ಡಿಂಗ್ ಅಂಗಡಿಗೆ ಹೋದೆ. ಇವರ ದನಿ ತುಂಬಿಸುತ್ತಿದ್ದುದು ಅಲ್ಲೇ. ಅವನು ಚಹಾ ತರಿಸಿ ತಲೆ ತಗ್ಗಿಸಿ ಕೂತ.

“ರೆಕಾರ್ಡ್ ಮಾಡಿಸ್ದವ್ರು ಬಾಯಿ ಬಿಡಬೇಡ ಅಂದಿದ್ರು ಭಾಭಿ. ನಿಮ್ಮ ಮುಂದೆ ಹೆಂಗೆ ಸುಮ್ನಿರ್ಲಿ? ಹೊರಗಿನವ್ರು ಇಬ್ರು ಬಂದಿದ್ರು. ಹೇಳಿಸೋದು ಯಾರು ಅಂತ ಕೇಳಿದ್ರೆ ‘ಹಿತೈಷಿಗಳು’ ಅಂದ್ರು. ನಿಮ್ಮ ಹೆಗಡೇರು ಎಲ್ಲಾ ಓದಿ ಕೊನೆಗೆ ನಿಲ್ಸಿಬಿಟ್ರು. ‘ಹಿತೈಷಿ ಅಂದ್ರೆ ಯಾವ ಮನೆಯವ ಮಾರಾಯಾ? ಹೆಸರಿಲ್ದೆ ನಾ ಮುಗ್ಸೋದಿಲ್ಲ’ ಅಂತ ಹೇಳಿ ಮೆಟ್ಟಿಲಿಳಿದು ಹೋದ್ರು. ರೆಕಾರ್ಡ್ ಆದಷ್ಟನ್ನೇ ಆ ಇಬ್ರು ತಗೊಂಡು ಹೋದ್ರು.”

“ಅವರನ್ನ ಕಳಿಸಿದ್ದು ಯಾರು?”

“ಅವ್ರಿಗೇ ಗೊತ್ತಿತ್ತೋ ಇಲ್ವೋ.”

ಚಹಾ ಪೂರ್ತಿ ಕುಡಿದೆ. ಮನಸ್ಸು ಸ್ವಲ್ಪ ಹಗುರಾಗಿತ್ತು.

ಯಲ್ಲಾಪುರದ ದಾರಿಯುದ್ದಕ್ಕೂ ಕಾಡು. ಇಳಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಸ್ ನಿಲ್ದಾಣದ ಹೊರಗೇ ಆ ಆಟೋ ಇತ್ತು; ಇವರ ದನಿ ಕೇಳಿಯೇ ಗುರುತಾಯಿತು. ಚಾಲಕ ಸ್ಪೀಕರಿನ ಪೆಟ್ಟಿಗೆಯನ್ನು ತಟ್ಟುತ್ತಿದ್ದ.

“ಕಡೀಕ್ ಬಂದಾಗೊಮ್ಮೆ ಕಟ್ ಆಗ್ತೈತಿ ನೋಡ್ರಿ ಅಕ್ಕಾರ. ಪೆನ್‌ಡ್ರೈವ್ ಹಾಳು. ಕೊಟ್ಟವರಿಗೆ ಹೇಳೂಣಂದ್ರ ಅವರ‍್ಯಾರಂತ ನನಗೂ ಗೊತ್ತಿಲ್ಲ.”

“ಹಾಳಾಗ್ಲಿಲ್ಲ ತಮ್ಮಾ. ಅವರು ಅಲ್ಲೇ ನಿಲ್ಸಿದ್ದು,” ಎಂದೆ. ಅದು ಯಾರ ದನಿ, ಯಾಕೆ ನಿಲ್ಲಿಸಿದರು, ಈಗ ಅವರಿಲ್ಲ ಎಂಬುದನ್ನೂ ಹೇಳಿದೆ.

ಅವನು ತಕ್ಷಣ ಬಂದ್ ಮಾಡಿದ. “ಸತ್ತವರ ಬಾಯಿಲೆ ಹೇಳಸ್ಕೋತ ತಿರುಗೂದು ಬ್ಯಾಡ್ರಿ. ಬ್ಯಾರೆ ಗಾಡ್ಯಾಗ ಇದಿಲ್ಲ, ನಂದೊಂದ. ಬಾಡಿಗಿ ತಿರುಗಿ ಕೊಡೂಣಂದ್ರ ಯಾರ ಮಾರಿಗೆ ಒಗೀಲಿ?”

ಬಂದ ಕೆಲಸ ಮುಗಿದಿತ್ತು. ಆದರೂ ಕಾಲು ಏಳಲಿಲ್ಲ.

“ಒಂದ್ಸಲ ಹಾಕು ತಮ್ಮಾ. ಸಣ್ಣಕೆ.”

ಅವನು ಹಿಂದಿನ ಸೀಟು ಒರೆಸಿ ನನ್ನನ್ನು ಕೂರಿಸಿದ. ಮಾತು ಯಾರದೋ. ನಡುವೆ ಗಂಟಲು ಸರಿಮಾಡಿಕೊಂಡದ್ದು ಮಾತ್ರ ಇವರೇ. ಕೊನೆಗೆ, ಇನ್ನೇನೋ ಹೇಳುವವರಂತೆ ಉಸಿರು ಎಳೆದುಕೊಂಡರು. ಅಷ್ಟೇ. ಅವನು ಪೆನ್‌ಡ್ರೈವ್ ಕಿತ್ತು ನನ್ನ ಅಂಗೈಯಲ್ಲಿಟ್ಟು, “ಜ್ವಾಕಿಲೆ ಇಟ್ಕೊಳ್ರಿ” ಎಂದ.

ನಾದಿನಿಯ ಮನೆಯಲ್ಲಿ ಊಟ ಮಾಡಿ ಮಧ್ಯಾಹ್ನದ ಬಸ್ಸು ಹಿಡಿದೆ. ಕಿಟಕಿಯಿಂದ ನೋಡಿದಾಗ ಆ ಆಟೋ ಚೀಲ ಹಿಡಿದ ಇಬ್ಬರು ಹೆಂಗಸರನ್ನು ಹತ್ತಿಸಿಕೊಂಡು, ಏನೂ ಕೂಗದೆ, ಪೇಟೆಯ ಕಡೆಗೆ ಹೋಗುತ್ತಿತ್ತು.