ನೀಲಕ್ಕನ ‘ಬರ್ತೇನಿ’

ನೀಲಕ್ಕ ಬರುವ ಮೊದಲು ಅವಳ ಕೆಮ್ಮು ಬರುತ್ತಿತ್ತು. ಓಣಿಯ ತಿರುವಿನಲ್ಲಿ ಒಮ್ಮೆ, ನಮ್ಮ ಕಟ್ಟೆ ಹತ್ತುವಾಗ ಎರಡು ಸಲ, ಆಮೇಲೆ ಒಂದು ನಗು. ಬ್ಯಾಡಗಿಯಲ್ಲಿ ಕೆಮ್ಮದವರು ಯಾರು ಹೇಳಿ? ಆದರೆ ಇಪ್ಪತ್ತೆಂಟು ವರ್ಷ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸಿದ ಅವಳ ಎದೆಯೊಳಗೆ ಆ ಘಾಟು ಖಾಯಂ ಮನೆ ಮಾಡಿತ್ತು. ತೊಟ್ಟು ಮುರಿದು ಮುರಿದು ಹೆಬ್ಬೆರಳಿನ ಉಗುರು ಕೆಂಪಾಗಿತ್ತು. ಆ ಕೈ ಕಣ್ಣಿಗೆ ತಾಗುವ ಹಾಗಿಲ್ಲ. ನಗು ಬಂದು ಕಣ್ಣಲ್ಲಿ ನೀರಾಡಿದರೂ, ಅಳು ಬಂದರೂ ರವಿಕೆಯ ತೋಳಿಗೇ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಅವಳದು ನಮ್ಮಿಂದ ಎರಡನೇ ಮನೆ. ನಾನು ಹಿಂದಿನ ಕೋಣೆಯಲ್ಲಿ ಕೂತು ಒಬ್ಬನೇ ಒಂದು ದೆವ್ವದ ವಿಡಿಯೋ ಗೇಮ್ ಮಾಡುತ್ತಿದ್ದೆ. ಚಿತ್ರ ನನ್ನದೇ, ಕೋಡ್ ನನ್ನದೇ, ಸಂಗೀತ ನನ್ನದೇ. ನೀಲಕ್ಕ ಸೆರಗಿನಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು ಬಂದು ಕೀಬೋರ್ಡಿನ ಪಕ್ಕ ಸುರಿಯುತ್ತಿದ್ದಳು. “ತಿನ್ನಲೇ, ಮಾರಿ ನೋಡಿದ್ರ ನಿನಗ ದೆವ್ವ ಬಡದಂಗ ಕಾಣತೈತಿ.”

ಎರಡು ವರ್ಷ ಕಳೆದರೂ ನನ್ನ ದೆವ್ವಕ್ಕೆ ದನಿ ಸಿಕ್ಕಿರಲಿಲ್ಲ. ನಾನೇ ಚೀರಿ ರೆಕಾರ್ಡ್ ಮಾಡಿದ್ದನ್ನು ಕೇಳಿ ನೀಲಕ್ಕ ಬಿದ್ದು ಬಿದ್ದು ನಕ್ಕಳು.

“ಏ ದೆವ್ವದ ಮಾಸ್ತರ, ಇದೇನೋ ಹಲ್ಲು ಕೀಳಿಸ್ಕೊಂಡೋರಂಗ ಒದರಾಕತ್ತೀದಿ? ದೆವ್ವ ಚೀರೂದಿಲ್ಲೋ ತಮ್ಮಾ. ಗುರ್ತಿನವರ ಹಂಗ ಬಾಗಲದಾಗ ನಿಂತು ಮಾತಾಡಸ್ತೈತಿ. ಅದಕ್ಕ ಅಂಜಿಕಿ.”

ಖರೇ ಹೇಳಿದ್ದಳು. ಆ ಮಾತಿಗೆ ನಾನು ಅವಳಿಗೆ ಕೈ ಮುಗಿಯಬೇಕಿತ್ತು. ಮುಗಿಯಲಿಲ್ಲ, ಮೈಕ್ ಹಿಡಿದೆ.

ಮರುದಿನ ಮಧ್ಯಾಹ್ನ ಕಿಟಕಿ ಮುಚ್ಚಿ, ಫ್ಯಾನ್ ಬಂದ್ ಮಾಡಿ ಅವಳನ್ನು ಕೂಡ್ರಿಸಿದೆ. ಮಾತು ಬೇಡ, ಕೆಮ್ಮಕ್ಕ, ಎಂದೆ. ಕೆಮ್ಮಿದಳು. ಇನ್ನೊಮ್ಮೆ, ಒಳಗಿಂದ ಬರಲಿ, ಎಂದೆ. ಹೀಗೆ ಹನ್ನೊಂದು ಸಲ ಕೆಮ್ಮಿಸಿದೆ. ಕೊನೆಗೆ ನಿಜವಾದ ಕೆಮ್ಮೇ ಹತ್ತಿ, ಉಸಿರು ಸಿಗದೆ ಗೋಡೆ ಹಿಡಿದುಕೊಂಡಳು. ಒಂದು ಲೋಟ ನೀರು ಕೊಡುವುದು ಬಿಟ್ಟು ನಾನು ಪರದೆಯ ಮೇಲೆ ಏಳುತ್ತ ಬೀಳುತ್ತ ಇದ್ದ ದನಿಯ ಗೆರೆ ನೋಡುತ್ತಿದ್ದೆ. ಆಹಾ, ಎಂಥ ದನಿ, ಎಂದು ಒಳಗೊಳಗೇ ಕುಣಿಯುತ್ತಿದ್ದೆ. ಅವಳು ರವಿಕೆಯ ತೋಳಿಗೆ ಕಣ್ಣೊರೆಸಿಕೊಂಡು ಎದ್ದಳು.

“ಸಾಕೋ ಯಪ್ಪಾ. ಬರ್ತೇನಿ.”

ಮೈಕ್ ಇನ್ನೂ ಚಾಲೂ ಇತ್ತು.

ನಮ್ಮ ಕಡೆ ಎದ್ದು ಹೊರಟವರು ಹೋಗ್ತೇನಿ ಅನ್ನುವುದಿಲ್ಲ. ಅದು ತಿರುಗಿ ಬಾರದವರ ಮಾತು. ಬರ್ತೇನಿ ಅಂತಲೇ ಹೊಸ್ತಿಲು ದಾಟಬೇಕು. ನಾನು ಆ ಕೆಮ್ಮನ್ನೂ ಆ ಮಾತನ್ನೂ ಕತ್ತರಿಸಿ, ಎಳೆದು, ದಪ್ಪ ಮಾಡಿ ಗೇಮಿನ ಬಾಗಿಲೊಂದರ ಹಿಂದೆ ಇಟ್ಟೆ. ಕೆಳಗೆ ಇಂಗ್ಲಿಷಿನಲ್ಲಿ ‘ನಿನ್ನ ಹತ್ತಿರ ಬರುತ್ತಿದ್ದೇನೆ’ ಎಂದು ಬರೆದೆ. ಗೇಮನ್ನು ಇಂಟರ್ನೆಟ್ಟಿಗೆ ಹಾಕಿದ ಮೇಲೆ ಯಾವ್ಯಾವುದೋ ದೇಶದವರು, ಆ ದನಿ ಕೇಳಿ ಹೆಡ್‌ಫೋನ್ ಕಿತ್ತೆಸೆದೆವು ಎಂದು ಬರೆದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಓಣಿಯ ಮಕ್ಕಳೂ ಆಡಿದವು. ಆಮೇಲೆ ತಿರುವಿನಲ್ಲಿ ನೀಲಕ್ಕನ ಕೆಮ್ಮು ಕೇಳಿದರೆ ಸಾಕು, ‘ಬರ್ತೇನೀ’ ಎಂದು ಗಂಟಲು ಕೆರೆದು ಓಡುತ್ತಿದ್ದವು. ರಾಣೆಬೆನ್ನೂರಿನಿಂದ ನೀಲಕ್ಕನ ಮಗಳು ರೇಣುಕಾ ಬಂದಾಗ, ಓಣಿಯ ಮಕ್ಕಳ ಜೊತೆ ಆ ಗೇಮ್ ನೋಡಿದ ಅವಳ ಕೂಸು ಅಜ್ಜಿಯ ತೊಡೆ ಮೇಲೆ ಕೂಡಲು ಒಲ್ಲೆ ಎಂದು ಅತ್ತಿತಂತೆ. ಮರುದಿನ ನೀಲಕ್ಕ ಬಂದಳು. ಕೆಮ್ಮಿದಳು, ನಗಲಿಲ್ಲ.

“ನನ್ನ ದನಿ ತಗದಬಿಡೋ ತಮ್ಮಾ. ಕೂಸು ನನ್ನ ನೋಡಿ ಅಂಜತೈತಿ.”

“ತಗೀತೇನಕ್ಕ, ಮುಂದಿನ ಅಪ್‌ಡೇಟಿನಾಗ” ಎಂದೆ.

ಹತ್ತು ನಿಮಿಷದ ಕೆಲಸ. ತೆಗೆಯಲಿಲ್ಲ. ತೆಗೆದರೆ ಗೇಮಿನಲ್ಲಿ ಉಳಿಯುವುದೇನು, ನನ್ನ ಚೀರಾಟ? ಇನ್ನೊಮ್ಮೆ ಕೇಳಿದಳು. ಮೂರನೆಯ ಸಲ ಕೇಳಲಿಲ್ಲ. ಸುಮ್ಮನೆ ಚಹಾ ಕುಡಿದು, ಏನೂ ಅನ್ನದೆ ಎದ್ದು ಹೋದಳು. ಬರ್ತೇನಿ ಅನ್ನುವುದನ್ನೇ ಅವಳು ಬಿಟ್ಟಿದ್ದಳು. ನನಗದು ತಿಳಿಯಿತು. ತಿಳಿದೂ ತೆಪ್ಪಗಿದ್ದೆ, ಥೂ, ಎಂಥ ಹೇಸಿ ಮನುಷ್ಯ ನಾನು.

ಮಳೆಗಾಲದಲ್ಲಿ ಎದೆ ಕಟ್ಟಿಕೊಂಡು ನೀಲಕ್ಕ ತೀರಿಹೋದಳು. ದಿನಕರ್ಮ ಮುಗಿದ ಮೇಲೆ ರೇಣುಕಾ ಕೂಸನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು.

“ಅಣ್ಣಾರ, ಅವ್ವಂದು ಫೋಟೋ ಅದಾವ್ರಿ, ದನಿ ಎಲ್ಲೂ ಇಲ್ಲ. ನಿಮ್ಮತ್ರ ರೆಕಾರ್ಡ್ ಐತೆಲ್ರಿ, ಅಷ್ಟು ಕೊಡ್ರಿ.”

ಮೊದಲಿನ ರೆಕಾರ್ಡ್ ಇರಲಿಲ್ಲ. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಅಳಿಸಿದ್ದೆ. ಉಳಿದದ್ದು ನಾನು ಕೆಡಿಸಿದ್ದು ಮಾತ್ರ. ಹಾಗಂತ ಬಾಯಿಬಿಟ್ಟು ಹೇಳುವ ಧೈರ್ಯ ಇಲ್ಲದೆ ಅದನ್ನೇ ಹಚ್ಚಿದೆ. ಕೆಮ್ಮು, ಏದುಸಿರು, ಆಮೇಲೆ ಆ ಒಂದು ಮಾತು. ಕೂಸು ತಾಯಿಯ ಸೀರೆಯಲ್ಲಿ ಮುಖ ಮುಚ್ಚಿಕೊಂಡಿತು. ರೇಣುಕಾ ಇನ್ನೊಮ್ಮೆ ಹಚ್ಚಿಸಿ, ಕಣ್ಣು ಮುಚ್ಚಿ ಕೇಳಿದಳು.

“ಇದು ನಮ್ಮವ್ವ ಅಲ್ರಿ” ಅಂದಳು.

ತಾಯಿಯ ಹಾಗೆಯೇ ರವಿಕೆಯ ತೋಳಿಗೆ ಕಣ್ಣೊರೆಸಿಕೊಂಡು ಎದ್ದಳು. ಕೂಸನ್ನು ಎತ್ತಿಕೊಂಡು, ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡಿದಳು.

“ಹೋಗ್ತೇನ್ರಿ” ಅಂದಳು.