ಕಮಲಕ್ಕನ ಮಗ್ಗಕ್ಕೆ ನಾನು ಕೊಂಡಿ ಹಾಕಲಿಲ್ಲ

ಕಮಲಕ್ಕ, ಅಂದು ಹಿರಿಯರ ಎದುರು ನಾನು ಹೇಳಿದ್ದು ಸುಳ್ಳು. ನೀನಾಗಿ ನನ್ನ ಮನೆಗೆ ಬರಲಿಲ್ಲ. ಅಳುತ್ತ ಬಂದು ನಿನ್ನ ಕೈ ಹಿಡಿದು ಕರೆದೊಯ್ದವಳು ನಾನೇ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಇಳಕಲ್ಲಿನ ನಮ್ಮ ಓಣಿಯಲ್ಲಿ ನೀನು ಯೇಸುವಿನ ಹೆಸರೆತ್ತಿದಂದಿನಿಂದ ಹಗೆ ಶುರುವಾಗಿತ್ತು. ಲಿಂಗಾಯತರ ಮನೆಯಲ್ಲಿ ಹುಟ್ಟಿದವಳು, ಗಂಡ ಸತ್ತವಳು, ಮಗ್ಗ ಬಿಟ್ಟರೆ ಗತಿಯಿಲ್ಲದವಳು — ಇವಳಿಗೆ ಇಷ್ಟು ಸೊಕ್ಕೇ ಅಂತ ಎಲ್ಲರಿಗೂ ಉರಿ. ನೀರಿಗೆ ಬಂದರೆ ನಿನ್ನ ಕೊಡವನ್ನು ಹಿಂದಕ್ಕೆ ಸರಿಸುತ್ತಿದ್ದರು. ಬಾಗಿಲಿಗೆ ಸಗಣಿ ಎರಚಿದರು. ನೀನು ತೊಳೆದು ಮತ್ತೆ ಮಗ್ಗದ ಕುಣಿಗೆ ಇಳಿಯುತ್ತಿದ್ದೆ. ಆ ತಾಳ್ಮೆ ಕಂಡು ನನಗೂ ಮೈ ಉರಿಯುತ್ತಿತ್ತು. ನೀನು ತಿರುಗಿ ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತೇನೋ...

ಆದರೆ ನನ್ನ ಮಗನಿಗೆ ಜ್ವರ ನೆತ್ತಿಗೇರಿ ಕಣ್ಣು ಮೇಲಾದಾಗ ನಾನು ಓಡಿದ್ದು ಯಾರ ಬಾಗಿಲಿಗೆ? "ನಿನ್ನ ದೇವರ ಮುಂದ ಹೇಳ ಯಕ್ಕಾ" ಅಂದೆ. ನೀನು ನನ್ನ ಜೊತೆ ನಮ್ಮ ಹಿತ್ತಲ ಬಾಗಿಲಿಂದ ಒಳಗೆ ಬಂದು, ಕೂಸಿನ ತಲೆಯ ಮೇಲೆ ಕೈಯಿಟ್ಟು ಕೂತೆ. "ದವಾಖಾನಿಗೂ ಒಯ್ಯವ್ವಾ, ತಡಾ ಮಾಡಬ್ಯಾಡ" ಅಂದವಳೂ ನೀನೇ. ಒಯ್ದೆವು. ಮಗ ಉಳಿದ.

ನೀನು ಬಂದುಹೋದದ್ದನ್ನು ಯಾರೋ ನೋಡಿದ್ದರು. ಹಿರಿಯರು ಇಬ್ಬರನ್ನೂ ಗುಡಿಕಟ್ಟೆಗೆ ಕರೆಸಿದರು. "ನೀ ಕರದಿಯೋ, ಆಕಿನ ಬಂದಾಳೋ?" ಗಂಡ ನನ್ನನ್ನು ನುಂಗುವಂತೆ ನೋಡುತ್ತಿದ್ದ. ನಾಲಿಗೆಗೆ ಎಲುಬಿಲ್ಲ — ಹೊರಳಿತು.

"ಆಕಿನ ಬಂದಾಳ್ರಿ. ಕೊರಳಾಗಿನ ಲಿಂಗ ತಗದಿಡು, ಮಗಾ ಉಳೀತಾನ ಅಂದಾಳ್ರಿ."

ಕರೆದವಳು ನಾನೆಂದು ನೀನು ಹೇಳಬಹುದಿತ್ತು. ಹೇಳಲಿಲ್ಲ. "ಆ ದೇವರನ್ನ ಬಿಟ್ಟೆ ಅನ್ನು, ಓಣ್ಯಾಗ ಇರು" ಅಂತ ಹಿರಿಯರು ಗದರಿದಾಗ ಮಾತ್ರ ನೀನು ಬಾಯಿ ತೆರೆದೆ.

"ಅದೊಂದು ಆಗೂದಿಲ್ರಿ."

ನಿನ್ನ ಮಗ್ಗಕ್ಕೆ ಯಾರೂ ಕೊಂಡಿ ಹಾಕಬಾರದೆಂದು ತೀರ್ಪಾಯಿತು. ನಮ್ಮ ಸೀರೆಗೆ ಒಡಲಿನ ಹಾಸುನೂಲು ಬೇರೆ, ಸೆರಗಿನ ಹಾಸುನೂಲು ಬೇರೆ. ಎರಡನ್ನೂ ಎಳೆಗೆಳೆ ಕೊಂಡಿ ಹಾಕಿ ಸೇರಿಸಲು ಇನ್ನೊಬ್ಬರ ಕೈ ಬೇಕು. ಇಂದು ನಾನು ನಿನ್ನ ಮನೆಗೆ, ನಾಳೆ ನೀನು ನನ್ನ ಮನೆಗೆ — ಹೀಗೇ ನಡೆದು ಬಂದದ್ದು. ಬಡಿಯಲಿಲ್ಲ, ಕಡಿಯಲಿಲ್ಲ, ಕೈ ಹಿಂತೆಗೆದು ಒಬ್ಬಳ ಅನ್ನ ಕಸಿದೆವು. ನಿನ್ನ ಮಗ್ಗ ನಿಂತಿತು. ಕೆಲವು ವಾರಗಳಲ್ಲಿ ನೀನು ಒಂದು ಟ್ರಂಕು ಹೊತ್ತು ಬಾಗಲಕೋಟೆಯ ಬಸ್ಸು ಹತ್ತಿದೆ. ನಾನು ಬಾಗಿಲ ಸಂದಿಯಿಂದ ನೋಡಿದೆ.

ಗಂಡನಿಗೆ ಹೆದರಿದೆ, ಹಿರಿಯರಿಗೆ ಹೆದರಿದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಒಮ್ಮೆ ಅಮೀನಗಡದಲ್ಲಿ ಬಸ್ಸು ನಿಂತಾಗ ನೀನು ಕಿಟಕಿಯ ಹತ್ತಿರ ಓಡಿಬಂದೆ. ಕೂದಲು ಬೆಳ್ಳಗಾಗಿತ್ತು.

"ತಂಗೀ, ಮಗಾ ಆರಾಮ ಅದಾನಿಲ್ಲ?"

"ಯಾರ್ರಿ ನೀವು?" ಅಂದೆ.

ನೀನು ಸರಳಿನ ಮೇಲಿದ್ದ ಕೈ ತೆಗೆದೆ. "ತಪ್ಪಾತ್ರಿ. ನಮ್ಮಾಕಿ ಅನ್ಕೊಂಡ್ನಿ."

ಆ ಬಸ್ಸಿನಲ್ಲಿ ಗಂಡನಿರಲಿಲ್ಲ, ಕಮಲಕ್ಕ. ಹಿರಿಯರಿರಲಿಲ್ಲ. ಗುರುತಿನವರು ಒಬ್ಬರೂ ಇರಲಿಲ್ಲ.